ಥಾಯ್ ಅಡುಗೆ: ಹೊಸಬರಿಗೊಂದು ಪರಿಚಯ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ಮಹಾನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಥಾಯ್ ಅಡುಗೆಯ ಹೆಸರು ಇಂದು ಅಪರಿಚಿತವೇನಲ್ಲ. ಬಡಾವಣೆಯ ಹೋಟೆಲುಗಳ ತಿನಿಸಿನ ಪಟ್ಟಿಯಲ್ಲಿ ಅದಕ್ಕೊಂದು ಪುಟ ಮೀಸಲಾಗಿದೆ. ಮಕ್ಕಳು ಹುಟ್ಟುಹಬ್ಬಕ್ಕೆ ಅದನ್ನೇ ಬೇಡುವುದುಂಟು. ಥಾಯ್ಲೆಂಡ್ ಸರ್ಕಾರವು 2023ರ ನವೆಂಬರ್‌ನಲ್ಲಿ ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿ ನೀಡಿದ ತರುವಾಯ ಅಲ್ಲಿಗೆ ಹೋಗಿಬರುವವರ ಸಂಖ್ಯೆಯೂ ಏರಿತು. 2024ರಲ್ಲಿ 20 ಲಕ್ಷಕ್ಕೂ ಹೆಚ್ಚು ಭಾರತೀಯರು ಆ ದೇಶಕ್ಕೆ ಭೇಟಿ ಕೊಟ್ಟರು.

ಆದರೆ ಊಟದ ಪಟ್ಟಿ ಕೈಗೆ ಬಂದೊಡನೆ ತೊಡಕು ಆರಂಭವಾಗುತ್ತದೆ. ನಮ್ಮ ಒಂದೇ ಕುಟುಂಬದಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನದ ಹಿರಿಯರಿರುತ್ತಾರೆ. ಮೀನು ಕೋಳಿ ತಿಂದರೂ ದನದ ಮಾಂಸ ಮುಟ್ಟದವರಿರುತ್ತಾರೆ. ಎಲ್ಲವನ್ನೂ ಸವಿಯಬಯಸುವ ತರುಣರಿರುತ್ತಾರೆ. ಕಡಲೆಕಾಯಿ ಅಥವಾ ಸಿಗಡಿ ಮೈಗೆ ಒಗ್ಗದ ಮಗುವೂ ಇರಬಹುದು. ಇವರೆಲ್ಲರೂ ಒಂದೇ ಮೇಜಿನ ಸುತ್ತ ಕುಳಿತಾಗ ಯಾವ ತಿನಿಸಿನಲ್ಲಿ ಏನಿದೆ ಎಂಬ ತಿಳಿವಳಿಕೆ ಇಲ್ಲದಿದ್ದರೆ, ತಿನ್ನಬಾರದ್ದನ್ನು ತಿಂದು ನೊಂದುಕೊಳ್ಳಬೇಕಾಗುತ್ತದೆ. ಇಲ್ಲವೇ ಪ್ರವಾಸದುದ್ದಕ್ಕೂ ಮನೆಯಿಂದ ಕಟ್ಟಿ ತಂದ ಚಪಾತಿ, ಚಟ್ನಿಪುಡಿಗಳಲ್ಲೇ ದಿನ ಕಳೆಯಬೇಕಾಗುತ್ತದೆ. ಎರಡೂ ಬೇಡವೆನ್ನುವವರಿಗಾಗಿ ಥಾಯ್ ಅಡುಗೆಯ ಮುಖ್ಯ ತಿನಿಸುಗಳನ್ನೂ ಅವುಗಳ ಒಳಗುಟ್ಟನ್ನೂ ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅನ್ನವೇ ಊಟ

ಥಾಯ್ ಭಾಷೆಯಲ್ಲಿ ಊಟ ಮಾಡುವುದಕ್ಕೆ ‘ಕಿನ್ ಖಾವ್’ ಎನ್ನುತ್ತಾರೆ. ‘ಕಿನ್’ ಎಂದರೆ ತಿನ್ನು, ‘ಖಾವ್’ ಎಂದರೆ ಅಕ್ಕಿ ಅಥವಾ ಅನ್ನ. ಪರಿಚಿತರು ಎದುರಾದಾಗ ‘ಅನ್ನ ತಿಂದಿರಾ?’ ಎಂದು ಕೇಳುವುದು ಅಲ್ಲಿಯ ವಾಡಿಕೆ. ‘ಊಟ ಆಯಿತೇ?’ ಎಂದು ಕುಶಲ ವಿಚಾರಿಸುವ ನಮಗೆ ಇದರ ಆತ್ಮೀಯತೆಯನ್ನು ವಿವರಿಸಬೇಕಿಲ್ಲ. ಭಾಷೆಯ ನಂಟು ಇಷ್ಟಕ್ಕೇ ನಿಲ್ಲುವುದಿಲ್ಲ. ಸಂಸ್ಕೃತ ಮತ್ತು ಪಾಲಿ ಭಾಷೆಗಳ ಮೂಲಕ ಅಲ್ಲಿಗೆ ಹೋದ ‘ಆಹಾರ’ ಶಬ್ದವು ‘ಆಹಾನ್’ ಆಗಿದೆ. ‘ರಸ’ವು ‘ರೋಟ್’ ಎಂಬ ಉಚ್ಚಾರಣೆಯಲ್ಲಿ ರುಚಿ ಎಂಬ ಅರ್ಥ ಪಡೆದಿದೆ.

ಅಲ್ಲಿಯ ಅನ್ನದಲ್ಲಿ ಮುಖ್ಯವಾಗಿ ಎರಡು ಬಗೆ. ಬ್ಯಾಂಕಾಕ್ ಸೇರಿದಂತೆ ಮಧ್ಯ ಮತ್ತು ದಕ್ಷಿಣ ಭಾಗಗಳಲ್ಲಿ ಉದ್ದಕಾಳಿನ ಬಿಳಿಯ ಅನ್ನ ಬಳಕೆಯಲ್ಲಿದೆ. ಇದರಲ್ಲಿ ಶ್ರೇಷ್ಠವೆನಿಸಿದ್ದು ‘ಖಾವ್ ಹೋಮ್ ಮಲಿ’, ಅಂದರೆ ನಾವು ಜಾಸ್ಮಿನ್ ಅಕ್ಕಿ ಎಂದು ಕೊಳ್ಳುವ ಸುವಾಸನೆಯ ಅಕ್ಕಿ. ಚಿಯಾಂಗ್ ಮಾಯ್ ಇರುವ ಉತ್ತರ ಭಾಗದಲ್ಲೂ, ‘ಇಸಾನ್’ ಎಂದು ಕರೆಯಲಾಗುವ ಈಶಾನ್ಯ ಭಾಗದಲ್ಲೂ ‘ಖಾವ್ ನಿಯಾವ್’ ಎಂಬ ಅಂಟು ಅಕ್ಕಿಯೇ ನಿತ್ಯದ ಆಹಾರ. ಇದನ್ನು ನೀರಿನಲ್ಲಿ ಕುದಿಸುವುದಿಲ್ಲ. ಹಲವು ಗಂಟೆ ನೆನೆಸಿ, ಬಿದಿರಿನ ಬುಟ್ಟಿಯಲ್ಲಿಟ್ಟು ಹಬೆಯಲ್ಲಿ ಬೇಯಿಸುತ್ತಾರೆ. ಬೆಂದ ಅನ್ನವನ್ನು ಬೆರಳುಗಳಿಂದ ಸಣ್ಣ ಉಂಡೆ ಮಾಡಿ ವ್ಯಂಜನಕ್ಕೆ ಅದ್ದಿ ತಿನ್ನುವ ಕ್ರಮವು ಮುದ್ದೆ ಉಂಡವರಿಗೆ ಹೊಸತೆನಿಸದು. ವ್ಯತ್ಯಾಸವೆಂದರೆ ಈ ಅನ್ನವನ್ನು ಅಗಿಯಲೇಬೇಕು.

ರುಚಿಯ ಲೆಕ್ಕಾಚಾರ

ಹುಳಿ, ಉಪ್ಪು, ಸಿಹಿ, ಖಾರ: ಈ ನಾಲ್ಕರ ಹದವೇ ಥಾಯ್ ಅಡುಗೆಯ ಜೀವಾಳ. ಒಂದೇ ತಿನಿಸಿನಲ್ಲಿ ನಾಲ್ಕೂ ಸಮನಾಗಿರಬೇಕೆಂದೇನಿಲ್ಲ. ಆದರೆ ಒಟ್ಟು ಊಟದಲ್ಲಿ ಒಂದು ಇನ್ನೊಂದನ್ನು ತೂಗಬೇಕು. ಹುಳಿ ಬರುವುದು ಹುಣಿಸೆ ಮತ್ತು ನಿಂಬೆಯಿಂದ. ಸಿಹಿಗೆ ತಾಳೆಬೆಲ್ಲ, ದಕ್ಷಿಣ ಕನ್ನಡದವರು ಓಲೆಬೆಲ್ಲವೆಂದು ಕರೆಯುವ ಪದಾರ್ಥದ ಬಂಧು ಇದು. ಖಾರಕ್ಕೆ ನಮ್ಮ ಸೂಜಿಮೆಣಸನ್ನು ಹೋಲುವ ‘ಪ್ರಿಕ್ ಖೀ ನೂ’ ಎಂಬ ಕಿರುಗಾತ್ರದ ಮೆಣಸಿನಕಾಯಿ. ಉಪ್ಪಿನ ಸ್ಥಾನದಲ್ಲಿ ಏನಿದೆ ಎಂಬುದನ್ನು ಮುಂದೆ ಪ್ರತ್ಯೇಕವಾಗಿಯೇ ಹೇಳಬೇಕಾಗಿದೆ.

ಮೆಣಸಿನಕಾಯಿ ಥಾಯ್ ಜನರಿಗೂ ಹೊರಗಿನಿಂದ ಬಂದದ್ದೇ. ಅಮೆರಿಕ ಖಂಡದ ಈ ಬೆಳೆಯನ್ನು ಏಷ್ಯಾಕ್ಕೆ ತಂದವರು ಪೋರ್ಚುಗೀಸರು. 1510ರಲ್ಲಿ ಗೋವೆಯನ್ನೂ 1511ರಲ್ಲಿ ಮಲಾಕಾವನ್ನೂ ಹಿಡಿದ ಅವರು ಅದೇ 1511ರಲ್ಲಿ ಅಂದಿನ ಥಾಯ್ ರಾಜಧಾನಿ ಅಯುತ್ಥಯಾಕ್ಕೆ ದೂತನನ್ನು ಕಳುಹಿಸಿದರು. ಅದಕ್ಕೆ ಮುಂಚೆ ಅಲ್ಲಿ ಖಾರವೆಂದರೆ ಕಾಳುಮೆಣಸು; ಅದರ ಹೆಸರು ‘ಪ್ರಿಕ್’. ಹೊಸ ಕಾಯಿ ಬಂದು ಆ ಹೆಸರನ್ನು ಕಿತ್ತುಕೊಂಡಿತು. ಹಳೆಯ ಕಾಳು ‘ಪ್ರಿಕ್ ಥಾಯ್’ ಎಂದು ವಿಶೇಷಣ ಹಚ್ಚಿಕೊಂಡು ಉಳಿಯಿತು. ಕನ್ನಡದಲ್ಲಿಯೂ ಹಾಗೆಯೇ ಆಗಿದೆ. ಹಿಂದೆ ‘ಮೆಣಸು’ ಎಂದರೆ ಸಾಕಾಗಿತ್ತು. ಈಗ ‘ಕಾಳುಮೆಣಸು’ ಎಂದು ಬಿಡಿಸಿ ಹೇಳಬೇಕಾಗಿದೆ.

ಪರಿಮಳದ ದ್ರವ್ಯಗಳಲ್ಲಿ ಮೊದಲನೆಯದು ಮಜ್ಜಿಗೆಹುಲ್ಲು, ಅಂದರೆ ನಿಂಬೆಹುಲ್ಲು. ಮುಂಬಯಿ ಪುಣೆಗಳ ತರಕಾರಿ ಮಾರುಕಟ್ಟೆಯಲ್ಲಿ ಚಹಾಕ್ಕೆ ಹಾಕಲು ‘ಗವತಿ ಚಹಾ’ ಎಂದು ಮಾರುವುದು ಇದನ್ನೇ. ಆದರೆ ಚಹಾಕ್ಕೆ ಎಲೆ ಬೇಕು. ಥಾಯ್ ಅಡುಗೆಗೆ ಬುಡದ ಬಿಳಿಯ ದಂಟು ಬೇಕು. ಎರಡನೆಯದು ಗಲಾಂಗಲ್. ಶುಂಠಿಯ ಕುಟುಂಬಕ್ಕೆ ಸೇರಿದ ಈ ಗೆಡ್ಡೆಯ ಒಣ ತುಂಡುಗಳನ್ನು ಗ್ರಂಧಿಗೆ ಅಂಗಡಿಗಳಲ್ಲಿ ಕುಲಂಜನ ಎಂಬ ಹೆಸರಿನಿಂದ ಔಷಧಕ್ಕಾಗಿ ಮಾರುತ್ತಾರೆ. ಮೂರನೆಯದು ಮಕ್ರೂಟ್ ನಿಂಬೆಯ ಎಲೆ. ಒಂದರ ತುದಿಗೆ ಇನ್ನೊಂದು ಎಲೆಯನ್ನು ಅಂಟಿಸಿದಂತೆ ಕಾಣುವುದೇ ಇದರ ಗುರುತು. ಇವುಗಳ ಜೊತೆಗೆ ಕೊತ್ತಂಬರಿಯ ಬೇರು. ನಾವು ಕತ್ತರಿಸಿ ಎಸೆಯುವ ಬೇರನ್ನು ಅವರು ಬೆಳ್ಳುಳ್ಳಿ ಮತ್ತು ಬಿಳಿಯ ಮೆಣಸಿನೊಡನೆ ಕುಟ್ಟಿ ಅನೇಕ ವ್ಯಂಜನಗಳಿಗೆ ತಳಹದಿಯಾಗಿ ಬಳಸುತ್ತಾರೆ.

ಕಣ್ಣಿಗೆ ಕಾಣದ ಮೀನು

ಹೊಸಬರು, ಅದರಲ್ಲೂ ಸಸ್ಯಾಹಾರಿಗಳು, ಅತ್ಯಗತ್ಯವಾಗಿ ತಿಳಿದಿರಬೇಕಾದ ಸಂಗತಿಯೆಂದರೆ ಥಾಯ್ ಅಡುಗೆಯಲ್ಲಿ ಉಪ್ಪಿನ ಕೆಲಸವನ್ನು ಬಹುಪಾಲು ನಿರ್ವಹಿಸುವುದು ‘ನಾಮ್ ಪ್ಲಾ’. ‘ನಾಮ್’ ಎಂದರೆ ನೀರು, ‘ಪ್ಲಾ’ ಎಂದರೆ ಮೀನು. ಕೊಳ್ಳುತರು ಜಾತಿಯ ಸಣ್ಣ ಮೀನುಗಳನ್ನು ಉಪ್ಪಿನೊಡನೆ ದೊಡ್ಡ ತೊಟ್ಟಿಗಳಲ್ಲಿ ತುಂಬಿ, ಒಂದು ವರ್ಷ ಅಥವಾ ಅದಕ್ಕೂ ಮೀರಿ ಹುದುಗಿಸಿ, ಬಸಿದು ತೆಗೆದ ಜೇನುಬಣ್ಣದ ದ್ರವವಿದು. ಮೂಗಿಗೆ ಹಿಡಿದರೆ ವಾಸನೆ ಜೋರು; ಅಡುಗೆಗೆ ಬೆರೆತ ಮೇಲೆ ಮೀನೆಂಬುದೇ ತಿಳಿಯದು. ತೊಂದರೆ ಇರುವುದೂ ಅಲ್ಲಿಯೇ. ತಟ್ಟೆಯಲ್ಲಿ ಬರೀ ತರಕಾರಿ ಕಂಡರೂ ಅದು ಸಸ್ಯಾಹಾರವೆಂದು ಭಾವಿಸುವಂತಿಲ್ಲ.

ಎರಡನೆಯದು ‘ಕಪಿ’. ಹೆಸರು ಕೇಳಿ ನಗು ಬಂದೀತು. ಆದರೆ ಇದಕ್ಕೂ ಕೋತಿಗೂ ಸಂಬಂಧವಿಲ್ಲ. ಚಿಕ್ಕ ಸಿಗಡಿಗಳನ್ನು ಉಪ್ಪಿನೊಡನೆ ಕುಟ್ಟಿ ಹುದುಗಿಸಿದ ಕಂದುಬಣ್ಣದ ಗಟ್ಟಿ ಚಟ್ನಿ ಇದು. ಕೆಂಪು, ಹಸಿರು ಮೊದಲಾದ ಕರಿಗಳಿಗೆ ಅರೆಯುವ ಮಸಾಲೆಯಲ್ಲಿ ಸಾಮಾನ್ಯವಾಗಿ ಇದು ಸೇರಿರುತ್ತದೆ. ಹೀಗಾಗಿ ಕೋಳಿಯ ಬದಲು ತರಕಾರಿ ಹಾಕಿಸಿಕೊಂಡ ಮಾತ್ರಕ್ಕೆ ಕರಿಯು ಸಸ್ಯಾಹಾರಿ ಆಗುವುದಿಲ್ಲ. ಇವಲ್ಲದೆ ಒಣಸಿಗಡಿ ಹಾಗೂ ಸಿಂಪಿಯಿಂದ ಮಾಡುವ ಆಯ್ಸ್ಟರ್ ಸಾಸ್ ಕೂಡ ಹುರಿದ ಸೊಪ್ಪು ತರಕಾರಿಗಳಲ್ಲಿ ಬಳಕೆಯಾಗುತ್ತವೆ. ಸಿಗಡಿ, ಏಡಿಗಳು ಮೈಗೆ ಒಗ್ಗದವರಿಗೂ ಈ ಎಚ್ಚರಿಕೆ ಅಷ್ಟೇ ಅನ್ವಯಿಸುತ್ತದೆ.

ಸಾರುಗಳು

‘ತೋಮ್ ಯಮ್’ ಥಾಯ್ ಅಡುಗೆಯ ರಾಯಭಾರಿಯೆಂದರೆ ತಪ್ಪಾಗಲಾರದು. ಮಜ್ಜಿಗೆಹುಲ್ಲು, ಗಲಾಂಗಲ್, ಮಕ್ರೂಟ್ ಎಲೆಗಳನ್ನು ನೀರಿನಲ್ಲಿ ಕುದಿಸಿ, ಅಣಬೆ ಮತ್ತು ಸಿಗಡಿ ಹಾಕಿ, ಒಲೆಯಿಂದ ಇಳಿಸಿದ ಬಳಿಕ ನಿಂಬೆರಸ, ಜಜ್ಜಿದ ಮೆಣಸಿನಕಾಯಿ, ನಾಮ್ ಪ್ಲಾ ಬೆರೆಸುತ್ತಾರೆ. ಕುದಿಯುವಾಗಲೇ ನಿಂಬೆ ಹಿಂಡಿದರೆ ಪರಿಮಳ ಹಾರಿ ಕಹಿ ಉಳಿಯುತ್ತದೆ. ನಮ್ಮ ನಿಂಬೆಸಾರಿಗೂ ಇದೇ ನಿಯಮವಷ್ಟೆ. ಸಿಗಡಿ ಹಾಕಿದ ‘ತೋಮ್ ಯಮ್ ಕುಂಗ್’ ಅನ್ನು 2024ರ ಡಿಸೆಂಬರ್‌ನಲ್ಲಿ ಯುನೆಸ್ಕೋ ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. 1997ರಲ್ಲಿ ಥಾಯ್ಲೆಂಡಿನಿಂದ ಆರಂಭಗೊಂಡು ಏಷ್ಯಾದ ಹಲವು ದೇಶಗಳನ್ನು ಅಲುಗಿಸಿದ ಆರ್ಥಿಕ ಬಿಕ್ಕಟ್ಟಿಗೂ ಇದೇ ಸಾರಿನ ಹೆಸರು ಅಂಟಿಕೊಂಡಿತ್ತು. ಸಾರಿನಲ್ಲಿ ತೇಲುವ ಹುಲ್ಲು, ಗೆಡ್ಡೆ, ಎಲೆಗಳು ತಿನ್ನುವುದಕ್ಕಲ್ಲ. ಬಟ್ಟಲಿನ ಬದಿಗೆ ಸರಿಸಬೇಕು.

ಖಾರ ಒಗ್ಗದ ಮಕ್ಕಳಿಗೂ ಹಿರಿಯರಿಗೂ ‘ತೋಮ್ ಖಾ’ ಸೂಕ್ತ. ‘ಖಾ’ ಎಂದರೆ ಗಲಾಂಗಲ್. ಇದು ತೆಂಗಿನಹಾಲಿನ ಸಾರು. ಸಾಮಾನ್ಯವಾಗಿ ಕೋಳಿ ಹಾಕಿ ಮಾಡುತ್ತಾರೆ. ಅಣಬೆ ಮಾತ್ರ ಹಾಕಿಯೂ ಮಾಡಿಸಿಕೊಳ್ಳಬಹುದು.

ಕರಿಗಳು

ತೆಂಗಿನಹಾಲಿನ ಕರಿಗಳು ನಮ್ಮ ಕರಾವಳಿಯ ಗಸಿ, ಮಲೆನಾಡಿನ ಸಾಸಿವೆಗಳನ್ನು ಉಂಡವರಿಗೆ ಬೇಗ ಹಿಡಿಸುತ್ತವೆ. ಆದರೆ ಮಾಡುವ ಕ್ರಮ ಬೇರೆ. ಇಲ್ಲಿ ಒಗ್ಗರಣೆ ಇಲ್ಲ. ಸಾಸಿವೆ, ಕರಿಬೇವುಗಳ ಸುಳಿವಿಲ್ಲ. ಗಟ್ಟಿ ತೆಂಗಿನಹಾಲನ್ನು ಎಣ್ಣೆ ಬಿಡುವವರೆಗೆ ಕಾಯಿಸಿ, ಆ ಎಣ್ಣೆಯಲ್ಲೇ ಹಸಿ ಮಸಾಲೆಯನ್ನು ಬಾಡಿಸಿ, ಬಳಿಕ ತೆಳುಹಾಲು ಎರೆಯುತ್ತಾರೆ.

ಹಸಿರು ಕರಿಯ ಥಾಯ್ ಹೆಸರು ‘ಕೆಂಗ್ ಖಿಯಾವ್ ವಾನ್’. ‘ವಾನ್’ ಎಂದರೆ ಸಿಹಿ ಎಂದರ್ಥವಿದ್ದರೂ ಇಲ್ಲಿ ಅದು ಬಣ್ಣದ ಮೃದುತ್ವವನ್ನು ಸೂಚಿಸುತ್ತದೆ. ಹೆಸರಿಗೆ ಮರುಳಾಗಿ ಖಾರವಿಲ್ಲವೆಂದು ತಿಳಿಯಬಾರದು. ಹಸಿಮೆಣಸಿನಕಾಯಿಯೇ ಇದರ ಬಣ್ಣಕ್ಕೆ ಕಾರಣ. ಇದರಲ್ಲಿ ಬಟಾಣಿಯಂತೆ ಕಾಣುವ ಕಹಿ ಮಿಶ್ರಿತ ಕಾಯಿಗಳು ಸಿಗುತ್ತವೆ. ಅವು ಬಟಾಣಿಯಲ್ಲ, ನಮ್ಮ ಸುಂಡೆಕಾಯಿ. ಒಣಮೆಣಸಿನಕಾಯಿಯಿಂದ ಮಾಡಿದ್ದು ಕೆಂಪು ಕರಿ, ಅಂದರೆ ‘ಕೆಂಗ್ ಫೆಟ್’. ಅದಕ್ಕಿಂತ ಗಟ್ಟಿಯಾಗಿಯೂ ಸೌಮ್ಯವಾಗಿಯೂ ಇರುವುದು ‘ಪನೆಂಗ್’. ಅರಿಸಿನ ಮತ್ತು ಕರಿಪುಡಿ ಸೇರಿದ ಹಳದಿಯದು ‘ಕೆಂಗ್ ಕರೀ’.

‘ಮಸ್ಸಮನ್’ ಕರಿಯು ನಮ್ಮ ನಾಲಗೆಗೆ ಎಲ್ಲಕ್ಕಿಂತ ಹತ್ತಿರ. ಏಲಕ್ಕಿ, ಲವಂಗ, ಚಕ್ಕೆ, ಜೀರಿಗೆಗಳ ಮಸಾಲೆ, ಆಲೂಗಡ್ಡೆ, ಕಡಲೆಕಾಯಿ, ಹುಣಿಸೆಹುಳಿ. ಮುಸಲ್ಮಾನ ಎಂಬ ಅರ್ಥದ ಹೆಸರೇ ಅದರ ಮೂಲವನ್ನು ಹೇಳುತ್ತದೆ. ಪರ್ಷಿಯಾ, ಭಾರತ ಮತ್ತು ಮಲಯ ಪ್ರದೇಶಗಳ ಮುಸ್ಲಿಂ ವರ್ತಕರ ಒಡನಾಟದಿಂದ ಹುಟ್ಟಿದ ಅಡುಗೆಯಿದು. 1809ರಿಂದ 1824ರವರೆಗೆ ಆಳಿದ ಎರಡನೆಯ ರಾಮ ದೊರೆಯ ಕಾವ್ಯದಲ್ಲಿಯೂ ಇದರ ಪ್ರಸ್ತಾಪವಿದೆ. ಇದನ್ನು ಕೋಳಿಯಿಂದಲೂ ದನದ ಮಾಂಸದಿಂದಲೂ ಮಾಡುವುದುಂಟು. ಆದ್ದರಿಂದ ಯಾವ ಮಾಂಸವೆಂದು ಕೇಳಿಯೇ ತರಿಸಿಕೊಳ್ಳುವುದು ಲೇಸು.

ಸೋಮ್ ತಾಮ್, ಪಾಡ್ ಥಾಯ್ ಮತ್ತು ಇತರೆ

ಇಸಾನ್ ಪ್ರದೇಶದಿಂದ ಬಂದು ದೇಶವನ್ನೆಲ್ಲ ಗೆದ್ದ ತಿನಿಸು ‘ಸೋಮ್ ತಾಮ್’. ಎಳೆಯ ಪರಂಗಿಕಾಯಿಯನ್ನು ಸಣ್ಣಗೆ ಎಳೆಎಳೆಯಾಗಿ ಹೆಚ್ಚಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಅಲಸಂದೆಕಾಯಿ, ಟೊಮೇಟೊ, ತಾಳೆಬೆಲ್ಲ, ನಿಂಬೆರಸಗಳೊಡನೆ ಆಳವಾದ ಒರಳಿನಲ್ಲಿ ಹಗುರವಾಗಿ ಕುಟ್ಟುತ್ತಾರೆ. ನಮ್ಮ ಕೋಸಂಬರಿಯ ಖಾರದ ಸೋದರಿ ಎನ್ನಬಹುದು. ಹುರಿದ ಕಡಲೆಕಾಯಿ ಮತ್ತು ಒಣಸಿಗಡಿ ಹಾಕಿದ್ದು ‘ಸೋಮ್ ತಾಮ್ ಥಾಯ್’. ಹುದುಗಿಸಿದ ಮೀನು ಹಾಕಿದ ಮತ್ತೊಂದು ಬಗೆಯೂ ಇದೆ. ಅದು ಮೊದಲ ದಿನದ ಪ್ರಯೋಗಕ್ಕೆ ತಕ್ಕುದಲ್ಲ.

‘ಪಾಡ್ ಥಾಯ್’ ಅಕ್ಕಿಯ ಚಪ್ಪಟೆ ಶಾವಿಗೆಯನ್ನು ಹುಣಿಸೆಹುಳಿ, ತಾಳೆಬೆಲ್ಲ, ನಾಮ್ ಪ್ಲಾಗಳಲ್ಲಿ ಹುರಿದದ್ದು. ತೋಫು, ಮೊಟ್ಟೆ, ಒಣಸಿಗಡಿ, ಮೊಳಕೆಕಾಳು ಸೇರುತ್ತವೆ. ಮೇಲೆ ಕಡಲೆಕಾಯಿ ಪುಡಿ ಮತ್ತು ನಿಂಬೆಹೋಳು. ಇದು ಪುರಾತನವಾದುದಲ್ಲ. ಹುರಿಯುವ ವಿಧಾನವೂ ಶಾವಿಗೆಯೂ ಚೀನೀ ವಲಸಿಗರ ಕೊಡುಗೆ. 1939ರಲ್ಲಿ ‘ಸಯಾಮ್’ ಎಂಬ ಹೆಸರನ್ನು ‘ಥಾಯ್ಲೆಂಡ್’ ಎಂದು ಬದಲಿಸಿದ ಪ್ರಧಾನಿ ಫಿಬುನ್ ಸೊಂಗ್‌ಖ್ರಾಮ್ ಅವರ ಆಡಳಿತವು ರಾಷ್ಟ್ರೀಯತೆಯ ಹುರುಪಿನಲ್ಲಿ ಶಾವಿಗೆಯ ಬಳಕೆಯನ್ನು ಪ್ರೋತ್ಸಾಹಿಸಿತು. ಈ ತಿನಿಸು ದೇಶದ ಹೆಸರನ್ನು ಹೊತ್ತು ಜನಪ್ರಿಯವಾದದ್ದು ಆ ಕಾಲದಲ್ಲಿ.

‘ಪಾಡ್ ಕಪ್ರಾವ್’ ಥಾಯ್ ಜನರ ದಿನನಿತ್ಯದ ಅವಸರದ ಊಟ. ಕೊಚ್ಚಿದ ಮಾಂಸವನ್ನು ಬೆಳ್ಳುಳ್ಳಿ, ಮೆಣಸಿನಕಾಯಿಗಳೊಡನೆ ಹುರಿದು, ಕೊನೆಗೆ ಒಂದು ಹಿಡಿ ‘ಕಪ್ರಾವ್’ ಎಲೆ ಹಾಕಿ, ಅನ್ನದ ಮೇಲೆ ಬಡಿಸಿ, ಕರಿದ ಮೊಟ್ಟೆಯನ್ನಿಡುತ್ತಾರೆ. ಈ ಕಪ್ರಾವ್ ಬೇರೆ ಯಾವುದೂ ಅಲ್ಲ, ನಮ್ಮ ತುಳಸಿಯ ಜಾತಿಯೇ. ವೃಂದಾವನದಲ್ಲಿಟ್ಟು ಪೂಜಿಸುವ ಗಿಡವನ್ನು ಮಾಂಸದೊಡನೆ ಬೇಯಿಸುವುದು ನಮ್ಮಲ್ಲಿ ಅನೇಕರಿಗೆ ಇರುಸುಮುರುಸು ತರಬಹುದು. ಅಲ್ಲಿ ಅದು ಕೇವಲ ಅಡುಗೆಯ ಸೊಪ್ಪು. ಬೇಡವೆನಿಸಿದವರು ಹೆಸರನ್ನು ನೆನಪಿಟ್ಟುಕೊಂಡರೆ ಸಾಕು. ಹಸಿರು ಕರಿಗೆ ಹಾಕುವ ಸಿಹಿವಾಸನೆಯ ಸೊಪ್ಪು ‘ಹೊರಫಾ’. ಅದು ನಮ್ಮ ಕಾಮಕಸ್ತೂರಿಯ ಬಳಗದ್ದು.

ಉತ್ತರದ ಚಿಯಾಂಗ್ ಮಾಯ್ ಕಡೆ ಹೋದವರು ‘ಖಾವ್ ಸೋಯ್’ ಸವಿಯಬೇಕು. ಚೀನಾದ ಯುನ್ನಾನ್ ಪ್ರಾಂತದ ಮುಸ್ಲಿಂ ವರ್ತಕರೊಡನೆ ಬಂದದ್ದೆನ್ನಲಾದ ಇದು ತೆಂಗಿನಹಾಲಿನ ಕರಿಯಲ್ಲಿ ಬೆಂದ ಶಾವಿಗೆ. ಮೇಲೆ ಅದೇ ಶಾವಿಗೆಯನ್ನು ಗರಿಗರಿಯಾಗಿ ಕರಿದು ಹಾಕಿರುತ್ತಾರೆ. ಶಾವಿಗೆಯಲ್ಲಿ ಮೊಟ್ಟೆ ಇರುವುದನ್ನು ಗಮನಿಸಬೇಕು. ‘ಮಿಯಾಂಗ್ ಖಾಮ್’ ಎಂಬ ಇನ್ನೊಂದು ಸೊಗಸಾದ ತಿನಿಸಿದೆ. ವೀಳ್ಯದೆಲೆಯ ಕುಲಕ್ಕೇ ಸೇರಿದ ಎಲೆಯೊಂದರಲ್ಲಿ ಹುರಿದ ಕೊಬ್ಬರಿ, ಕಡಲೆಕಾಯಿ, ಶುಂಠಿ, ಸಿಪ್ಪೆಸಹಿತ ನಿಂಬೆಯ ಚೂರು, ಒಣಸಿಗಡಿಗಳನ್ನಿಟ್ಟು ಬೆಲ್ಲದ ಪಾಕ ಹನಿಸಿ ಮಡಚಿ ಬಾಯಿಗಿಡುತ್ತಾರೆ. ಆಕಾರದಲ್ಲಿ ತಾಂಬೂಲ, ರುಚಿಯಲ್ಲಿ ಬೇರೆಯೇ ಲೋಕ. ಸಿಗಡಿ ಬಿಡಿಸಿ, ಪಾಕದಲ್ಲಿ ಕಪಿ, ನಾಮ್ ಪ್ಲಾ ಇಲ್ಲದಂತೆ ಕೇಳಿಕೊಂಡರೆ ಸಸ್ಯಾಹಾರಿಗಳೂ ತಿನ್ನಬಹುದು.

ಸಿಹಿ ತಿನಿಸುಗಳು

ಸಸ್ಯಾಹಾರಿಗಳು ನಿಶ್ಚಿಂತೆಯಿಂದ ಸವಿಯಬಹುದಾದ ಭಾಗವಿದು. ‘ಖಾವ್ ನಿಯಾವ್ ಮಮುವಾಂಗ್’ ಎಂದರೆ ಸಿಹಿ ತೆಂಗಿನಹಾಲು ಹೀರಿದ ಅಂಟು ಅನ್ನ ಮತ್ತು ಮಾಗಿದ ಮಾವು. ಮೇಲೆ ಹುರಿದ ಹೆಸರುಬೇಳೆ ಉದುರಿಸುತ್ತಾರೆ. ಹಸುವಿನ ಹಾಲು, ಬೆಣ್ಣೆ ಯಾವುದೂ ಇದರಲ್ಲಿಲ್ಲ. ಏಪ್ರಿಲ್, ಮೇ ತಿಂಗಳು ಇದಕ್ಕೆ ಸುಗ್ಗಿ. ‘ಖನೋಮ್ ಕ್ರೋಕ್’ ಅಕ್ಕಿಹಿಟ್ಟು, ತೆಂಗಿನಹಾಲುಗಳನ್ನು ಗುಳಿಗಳಿರುವ ಕಾವಲಿಯಲ್ಲಿ ಬೇಯಿಸಿದ್ದು. ಕಾವಲಿಯನ್ನು ಕಂಡೊಡನೆ ನಮ್ಮವರು ಪಡ್ಡು ಎಂದೋ ಗುಳಿಯಪ್ಪ ಎಂದೋ ಉದ್ಗರಿಸದಿರಲಾರರು. ಅನೇಕ ಸಿಹಿಗಳಿಗೆ ಹಸಿರು ಬಣ್ಣವನ್ನೂ ಸುವಾಸನೆಯನ್ನೂ ಕೊಡುವುದು ಕೇದಗೆಯ ಕುಲದ ಪಂಡನ್ ಎಲೆ.

ಒಂದು ಎಚ್ಚರಿಕೆ ಇಲ್ಲಿಯೂ ಉಂಟು. ಬಂಗಾರದ ಎಳೆಗಳಂತೆ ಕಾಣುವ ‘ಫೋಯ್ ಥೋಂಗ್’ ನಮ್ಮ ಶಾವಿಗೆಯಲ್ಲ. ಮೊಟ್ಟೆಯ ಹಳದಿಯನ್ನು ಸಕ್ಕರೆ ಪಾಕದಲ್ಲಿ ಎಳೆದದ್ದು. ಈ ಪೋರ್ಚುಗೀಸ್ ಸಿಹಿಯನ್ನು 17ನೆಯ ಶತಮಾನದಲ್ಲಿ ಅಯುತ್ಥಯಾದಲ್ಲಿದ್ದ ಮರಿಯಾ ಗ್ಯೊಮಾರ್ ಎಂಬಾಕೆ ಪರಿಚಯಿಸಿದಳೆಂದು ಅಲ್ಲಿಯ ಜನ ನಂಬುತ್ತಾರೆ.

ಊಟದ ಪದ್ಧತಿ

ಥಾಯ್ ಊಟದಲ್ಲಿ ಒಬ್ಬೊಬ್ಬರಿಗೆ ಒಂದೊಂದು ತಿನಿಸೆಂಬ ಕ್ರಮವಿಲ್ಲ. ಅನ್ನ ಅವರವರ ತಟ್ಟೆಯಲ್ಲಿ. ವ್ಯಂಜನಗಳು ನಡುವೆ, ಎಲ್ಲರಿಗೂ ಸಾಮಾನ್ಯವಾಗಿ. ಒಮ್ಮೆಗೆ ಒಂದೆರಡು ಚಮಚದಷ್ಟನ್ನೇ ಬಡಿಸಿಕೊಳ್ಳುವುದು ಸಭ್ಯತೆ. ಚಮಚವೇ ಮುಖ್ಯ ಸಾಧನ. ಮುಳ್ಳುಚಮಚವು ಅನ್ನವನ್ನು ಚಮಚಕ್ಕೆ ತಳ್ಳಲು ಮಾತ್ರ, ಬಾಯಿಗೆ ಹೋಗುವುದಿಲ್ಲ. ಕಡ್ಡಿಗಳ ಬಳಕೆ ಶಾವಿಗೆ ಸಾರಿನಂಥ ಚೀನೀ ಮೂಲದ ತಿನಿಸುಗಳಿಗಷ್ಟೇ ಸೀಮಿತ. ಶಾವಿಗೆಯ ಅಂಗಡಿಗಳಲ್ಲಿ ಮೇಜಿನ ಮೇಲೆ ನಾಲ್ಕು ಡಬ್ಬಿಗಳಿರುತ್ತವೆ: ಸಕ್ಕರೆ, ಮೆಣಸಿನಪುಡಿ, ಮೆಣಸಿನಕಾಯಿ ನೆನೆಸಿದ ವಿನೆಗರ್, ನಾಮ್ ಪ್ಲಾ. ರುಚಿಯನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳುವುದು ಅಲ್ಲಿ ಅಡುಗೆಯವನಿಗೆ ಅವಮಾನವಲ್ಲ.

ಈ ಹಂಚಿಕೊಳ್ಳುವ ಪದ್ಧತಿಯಿಂದ ಮಿಶ್ರ ಅಭ್ಯಾಸದ ಕುಟುಂಬಗಳಿಗೆ ಒಂದು ತೊಡಕುಂಟು. ಒಂದರ ಚಮಚ ಇನ್ನೊಂದಕ್ಕೆ ಬೀಳುತ್ತದೆ. ಸಸ್ಯಾಹಾರಿಗಳ ತಿನಿಸುಗಳನ್ನು ಮೇಜಿನ ಒಂದು ತುದಿಗೆ ಪ್ರತ್ಯೇಕ ಚಮಚಗಳೊಡನೆ ಇಡಿಸುವುದು ಉತ್ತಮ.

ಸಸ್ಯಾಹಾರಿಗಳಿಗೆ ದಾರಿ

ಥಾಯ್ಲೆಂಡ್ ಬೌದ್ಧ ದೇಶವಾದ್ದರಿಂದ ಸಸ್ಯಾಹಾರ ಸುಲಭವೆಂದು ನಮ್ಮವರು ಊಹಿಸುವುದುಂಟು. ಅಲ್ಲಿಯದು ಥೇರವಾದ ಸಂಪ್ರದಾಯ. ಭಿಕ್ಷುಗಳು ಭಿಕ್ಷೆಯಲ್ಲಿ ದೊರೆತದ್ದನ್ನು ಸ್ವೀಕರಿಸುತ್ತಾರೆ. ಗೃಹಸ್ಥರಲ್ಲಿ ಹೆಚ್ಚಿನವರು ಮಾಂಸಾಹಾರಿಗಳೇ. ಆದರೂ ದಾರಿಗಳಿವೆ.

ಸಸ್ಯಾಹಾರಕ್ಕೆ ಅಲ್ಲಿ ಎರಡು ಶಬ್ದಗಳು. ಮೊದಲನೆಯದು ‘ಮಂಗ್ಸವಿರಟ್’. ಇದು ನಮ್ಮ ‘ಮಾಂಸವಿರತಿ’ಯೇ. ಆದರೆ ಇದರಲ್ಲಿ ಮೊಟ್ಟೆ ಇರಬಹುದು. ಎರಡನೆಯದು ‘ಜೇ’. ಇದು ಚೀನೀ ಬೌದ್ಧರಿಂದ ಬಂದ ವ್ರತಾಹಾರ. ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲದೆ ಈರುಳ್ಳಿ, ಬೆಳ್ಳುಳ್ಳಿಗಳೂ ಇದಕ್ಕೆ ವರ್ಜ್ಯ. ನಾಮ್ ಪ್ಲಾ ಬದಲಿಗೆ ಸೋಯಾ ಸಾಸ್ ಬಳಸುತ್ತಾರೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ನಮ್ಮ ಹಿರಿಯರಿಗೆ ಇದಕ್ಕಿಂತ ಭರವಸೆಯ ಗುರುತು ಬೇರೊಂದಿಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅದು ಜೇ ಅಂಗಡಿ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ, ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಅವಧಿಯಲ್ಲಿ, ಜೇ ಹಬ್ಬ ನಡೆಯುತ್ತದೆ. ಫುಕೆಟ್ ಹಾಗೂ ಬ್ಯಾಂಕಾಕಿನ ಚೀನೀ ಪೇಟೆಯಾದ ಯಾವರಾಟ್‌ನಲ್ಲಿ ಆಗ ಬೀದಿಯೆಲ್ಲ ಹಳದಿ. ಕೆಲವು ವರ್ಷ ಇದು ನಮ್ಮ ನವರಾತ್ರಿಯೊಡನೆ ಕೂಡಿ ಬರುತ್ತದೆ. 2024ರಲ್ಲಿ ಎರಡೂ ಅಕ್ಟೋಬರ್ 3ರಂದೇ ಆರಂಭವಾದವು.

ನೆನಪಿಡಬೇಕಾದ ಕೆಲವು ಮಾತುಗಳು ಇಂತಿವೆ:

ಕಿನ್ ಜೇ: ಜೇ ಆಹಾರ ತಿನ್ನುತ್ತೇನೆ.
ಮಾಯ್ ಸಾಯ್ ನಾಮ್ ಪ್ಲಾ: ಮೀನಿನ ರಸ ಹಾಕಬೇಡಿ.
ಮಾಯ್ ಸಾಯ್ ಕಪಿ: ಸಿಗಡಿ ಚಟ್ನಿ ಹಾಕಬೇಡಿ.
ಮಾಯ್ ಸಾಯ್ ಖಾಯ್: ಮೊಟ್ಟೆ ಹಾಕಬೇಡಿ.
ಮಾಯ್ ಫೆಟ್: ಖಾರ ಬೇಡ.
ಅರೋಯ್: ರುಚಿಯಾಗಿದೆ.

ಮಾತಿನ ಕೊನೆಗೆ ಗಂಡಸರು ‘ಖ್ರಪ್’ ಎಂದೂ ಹೆಂಗಸರು ‘ಖಾ’ ಎಂದೂ ಸೇರಿಸಿದರೆ ವಿನಯ. ಮಾಂಸದ ಹೆಸರುಗಳನ್ನೂ ತಿಳಿದಿರಬೇಕು: ‘ನುವಾ’ ದನದ ಮಾಂಸ, ‘ಮೂ’ ಹಂದಿ, ‘ಪ್ಲಾ’ ಮೀನು, ‘ಕುಂಗ್’ ಸಿಗಡಿ. ‘ಕಾಯ್’ ಎಂದರೆ ಕೋಳಿ, ‘ಖಾಯ್’ ಎಂದರೆ ಮೊಟ್ಟೆ. ನಮ್ಮ ಕಾಯಿಯೆಂದು ಭ್ರಮಿಸಿ ಮೋಸಹೋಗಬಾರದು. ಥಾಯ್ ಭಾಷೆಯಲ್ಲಿ ಸ್ವರದ ಏರಿಳಿತದಿಂದ ಅರ್ಥ ಬದಲಾಗುವುದರಿಂದ ಬಾಯಿಮಾತನ್ನೇ ನೆಚ್ಚದೆ, ತಂಗುವ ಹೋಟೆಲಿನವರಿಂದ ಥಾಯ್ ಲಿಪಿಯಲ್ಲಿ ಒಂದು ಚೀಟಿ ಬರೆಸಿಟ್ಟುಕೊಳ್ಳುವುದು ಒಳ್ಳೆಯದು. ಕಡಲೆಕಾಯಿ ಅಥವಾ ಸಿಗಡಿಯಿಂದ ಉಸಿರಾಟದ ತೊಂದರೆಯಾಗುವವರಿಗಂತೂ ಇದು ಅತ್ಯಗತ್ಯ. ಬೀದಿಬದಿಯ ಅಂಗಡಿಗಳಲ್ಲಿ ಒಂದೇ ಬಾಣಲೆ, ಒಂದೇ ಒರಳು ಎಲ್ಲಕ್ಕೂ ಬಳಕೆಯಾಗುತ್ತದೆ. ‘ಹಾಕಬೇಡಿ’ ಎಂದ ಮಾತ್ರಕ್ಕೆ ಸೋಂಕು ತಪ್ಪುವುದಿಲ್ಲ. ಅಂಥವರು ಬೀದಿಯ ತಿನಿಸನ್ನು ಬಿಡುವುದೇ ಕ್ಷೇಮ. ವೈದ್ಯರು ಸೂಚಿಸಿದ ಔಷಧವೂ ಕೈಯಲ್ಲಿರಲಿ.

ಮನೆಯಲ್ಲಿ ಹಸಿರು ಕರಿ

ಪ್ರವಾಸಕ್ಕೆ ಮುಂಚೆ ಮನೆಯಲ್ಲೊಮ್ಮೆ ಮಾಡಿ ನೋಡಿದರೆ ಮನೆಮಂದಿಯ ಒಲವು ತಿಳಿಯುತ್ತದೆ. ನಾಲ್ವರಿಗೆ ಬೇಕಾಗುವಷ್ಟಕ್ಕೆ 8 ಹಸಿಮೆಣಸಿನಕಾಯಿ, 2 ಮಜ್ಜಿಗೆಹುಲ್ಲಿನ ದಂಟು, ಒಂದಂಗುಲ ಗಲಾಂಗಲ್, 4 ಕೊತ್ತಂಬರಿ ಬೇರು, 1 ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ತಿನ್ನುವವರಾದರೆ 4 ಸಣ್ಣ ಈರುಳ್ಳಿ ಮತ್ತು 5 ಎಸಳು ಬೆಳ್ಳುಳ್ಳಿ ಸೇರಿಸಿ ನುಣ್ಣಗೆ ಅರೆಯಬೇಕು. ತಾಜಾ ಗಲಾಂಗಲ್ ಸಿಗದಿದ್ದರೆ ಶುಂಠಿ ಹಾಕಬಹುದು. ಪರಿಮಳ ತುಸು ಬೇರೆಯಾಗುತ್ತದೆ. ಒಂದು ಬಟ್ಟಲು ಗಟ್ಟಿ ತೆಂಗಿನಹಾಲನ್ನು ಎಣ್ಣೆ ಬಿಡುವವರೆಗೆ ಕಾಯಿಸಿ, ಮಸಾಲೆಯನ್ನು ಹಸಿವಾಸನೆ ಹೋಗುವಂತೆ ಬಾಡಿಸಿ, ಎರಡು ಬಟ್ಟಲು ತೆಳುಹಾಲು ಎರೆದು, ಗುಂಡುಬದನೆ, ಬೀನ್ಸ್, ತೋಫು ಅಥವಾ ಅಣಬೆ ಬೇಯಿಸಬೇಕು. ಉಪ್ಪು ಅಥವಾ ಸೋಯಾ ಸಾಸ್, ಸ್ವಲ್ಪ ಬೆಲ್ಲ ಹಾಕಿ, ಇಳಿಸುವ ಮುನ್ನ ಕಾಮಕಸ್ತೂರಿ ಎಲೆ ಸೇರಿಸಿದರೆ ಆಯಿತು. ಸಿದ್ಧ ಮಸಾಲೆ ಕೊಳ್ಳುವವರು ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನೂ ಪದಾರ್ಥಗಳ ಪಟ್ಟಿಯನ್ನೂ ತಪ್ಪದೆ ನೋಡಬೇಕು.

ಹೊರನಾಡಿನಲ್ಲಿ ನೆಲೆಸಿದ ನಾವು ವಡಾ ಪಾವ್, ಗೊಂಗೂರ, ರಾಜ್ಮಾಗಳನ್ನು ನಮ್ಮ ಅಡುಗೆಮನೆಗೆ ಬರಮಾಡಿಕೊಂಡದ್ದು ಸಾರು ಹುಳಿಗಳನ್ನು ಬಿಟ್ಟುಕೊಟ್ಟಲ್ಲ. ಥಾಯ್ ಅಡುಗೆಯನ್ನೂ ಅದೇ ವಿವೇಕದಿಂದ ಸ್ವಾಗತಿಸಬಹುದು. ಬೇಕಾದದ್ದನ್ನು ಹೆಸರು ಹಿಡಿದು ಕೇಳಲು, ಬೇಡವಾದದ್ದನ್ನು ಸಂಕೋಚವಿಲ್ಲದೆ ನಿರಾಕರಿಸಲು ಮೇಲಿನ ವಿವರಗಳು ನೆರವಾದಾವು. ಮೊದಲ ಬಾರಿಗೆ ಹೋಗುವ ಕುಟುಂಬವು ತೋಮ್ ಖಾ, ಮಸ್ಸಮನ್, ಜಾಸ್ಮಿನ್ ಅನ್ನ ಮತ್ತು ಮಾವಿನ ಅಂಟು ಅನ್ನ ಇವಿಷ್ಟನ್ನು ತಮ್ಮ ಅಭ್ಯಾಸಕ್ಕೆ ತಕ್ಕಂತೆ ಮಾಡಿಸಿಕೊಂಡು ಆರಂಭಿಸಲಿ. ಸೋಮ್ ತಾಮ್‌ನ ಖಾರಕ್ಕೆ ಎರಡನೆಯ ದಿನ ಕೈಹಾಕಿದರಾಯಿತು.